ಕಟ್ಟಿಗೆಯ ಹಡಗೂ ಕೈಯ ವಿದ್ಯೆಯೂ

ನಮ್ಮ ವಿದ್ಯಾಲಯದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಎಂದಿನಂತೆ ವ್ಯಾಕರಣವನ್ನೋ ಛಂದಸ್ಸನ್ನೋ ಹಿಡಿದು ಪಂಡಿತನು ನಾಲ್ಕು ಮಾತು ಬರೆದಾನೆಂದು ಅವರು ಎಣಿಸಿರಬೇಕು. ಹಿಂದಿನ ಸಂಚಿಕೆಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಆದರೆ ಈ ಸಲ ನಾನು ಬರೆಯ ಹೊರಟಿರುವುದು ಒಂದು ಕಟ್ಟಿಗೆಯ ಹಡಗನ್ನು ಕುರಿತು. ಮೊಳದುದ್ದದ ಆ ಹಡಗು ಈಗ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ, ಹಾಜರಿ ಪುಸ್ತಕಗಳನ್ನಿಡುವ ಕಪಾಟಿನ ಮೇಲೆ ನಿಂತಿದೆ. ಅದನ್ನು ಕಟ್ಟಿದವನು ನಾನೇ. ಐವತ್ತಾರನೆಯ ವಯಸ್ಸಿನಲ್ಲಿ, ಅದುವರೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದರಿಯದ ಕೈಗಳಿಂದ, ಹತ್ತು ತಿಂಗಳು ಕುಳಿತು ಮುಗಿಸಿದ ಮೊದಲನೆಯ ಕೆಲಸ ಅದು. ಅದರಿಂದ ಹುಟ್ಟಿದ ಕೆಲವು ವಿಚಾರಗಳನ್ನು ಅಧ್ಯಾಪಕ ಮಿತ್ರರ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಮುಂದಿಡುವುದು ಈ ಬರಹದ ಉದ್ದೇಶ. ಕೊನೆಯಲ್ಲಿ ಒಂದು ಬೇಡಿಕೆಯೂ ಇದೆ. ಅದನ್ನು ಬಚ್ಚಿಟ್ಟುಕೊಂಡು ಕಥೆ ಹೇಳುವುದು ಸರಿಯಲ್ಲವೆಂದು ಮೊದಲೇ ತಿಳಿಸಿದ್ದೇನೆ.

2024ರ ದೀಪಾವಳಿಗೆ ಪುಣೆಯಿಂದ ಊರಿಗೆ ಬಂದ ನನ್ನ ತಂಗಿಯ ಮಗನು ಒಂದು ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟನು. “ಮಾಮಾ, ನಿಮ್ಮ ನಿವೃತ್ತಿ ಹತ್ತಿರ ಬಂತು, ಹೊತ್ತು ಕಳೀಲಿಕ್ಕೆ ಇರಲಿ” ಎಂದನು. ಅವನ ಮಾತಿನಲ್ಲಿದ್ದ ವಿನೋದವನ್ನು ನಾನು ಸಹಿಸಿಕೊಂಡೆ. ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ತೆಳುವಾದ ಹಲಗೆಗಳಲ್ಲಿ ಯಂತ್ರದಿಂದ ಕೊರೆದಿಟ್ಟ ನೂರಾರು ತುಂಡುಗಳು, ಜೋಳದ ಸೋಗೆಯಂತೆ ಬಳುಕುವ ಉದ್ದನೆಯ ಪಟ್ಟಿಗಳು, ನಾಲ್ಕು ಉಂಡೆ ನೂಲು, ಕಾಳಿನಷ್ಟು ಸಣ್ಣ ಕಟ್ಟಿಗೆಯ ರಾಟೆಗಳು, ಹಿತ್ತಾಳೆಯ ಮೊಳೆಗಳು, ಹಾಯಿಯ ಬಟ್ಟೆ, ಮತ್ತು ಚಿತ್ರಗಳಿಂದ ತುಂಬಿದ ಒಂದು ಇಂಗ್ಲಿಷ್ ಪುಸ್ತಕ. ಹಿಂದಿನ ಕಾಲದ ಯೂರೋಪಿನ, ಒಂದೇ ಕೂವೆಮರವುಳ್ಳ ಹಾಯಿಹಡಗನ್ನು ಐವತ್ತರಲ್ಲೊಂದು ಪಾಲಿಗೆ ಇಳಿಸಿದ ಮಾದರಿ ಅದು. ಹೊಸಬರಿಗೆ ತಕ್ಕದ್ದು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನಾನು ಅದನ್ನು ನಂಬಿದೆ.

ಹಡಗಿಗೂ ನಮ್ಮ ನಾಡಿಗೂ ಏನು ಸಂಬಂಧವೆಂದು ಮೊದಲು ನನಗೂ ಅನಿಸಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆಯ ಮಕ್ಕಳು ನಮ್ಮಲ್ಲಿ ಓದುತ್ತಾರೆ. ಇವರಲ್ಲಿ ಹಡಗನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು ಇದ್ದಾರು. ನೀರಿಲ್ಲವೆಂದಲ್ಲ. ಘಟಪ್ರಭೆಯಿದೆ, ಅದಕ್ಕೆ ಬಂದು ಕೂಡುವ ಹಿರಣ್ಯಕೇಶಿ, ಮಾರ್ಕಂಡೇಯಗಳಿವೆ, ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ಲಿನ ಜಲಾಶಯವಿದೆ, ಧೂಪದಾಳದಲ್ಲಿ 1897ರಲ್ಲಿ ಕಟ್ಟಿದ ಒಡ್ಡು ಇದೆ. ಆದರೆ ಗೋಕಾಕದ ಬಳಿ 52 ಮೀಟರು ಎತ್ತರದಿಂದ ಧುಮ್ಮಿಕ್ಕುವ ಹೊಳೆಯಲ್ಲಿ ಯಾವ ಹಡಗು ತಾನೆ ನಡೆದೀತು! ಹರಿಗೋಲು, ತೆಪ್ಪ ಇಷ್ಟೇ ನಮ್ಮ ಹಿರಿಯರು ಬಲ್ಲ ಜಲವಾಹನಗಳು. 2019ರ ಆಗಸ್ಟಿನಲ್ಲಿ ಹೊಳೆ ತನ್ನ ದಡ ಮೀರಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದಾಗ ರಕ್ಷಣೆಗೆ ಬಂದವರ ದೋಣಿಗಳನ್ನು ನಮ್ಮ ಮಕ್ಕಳು ಕಂಡರು. ಆ ದಿನಗಳ ಭಯದಲ್ಲಿ ದೋಣಿಯನ್ನು ದೋಣಿಯೆಂದು ನೋಡುವ ಮನಸ್ಸು ಯಾರಿಗಿದ್ದೀತು?

ಆದರೂ ಪೆಟ್ಟಿಗೆಯನ್ನು ಮುಚ್ಚಿಡಲು ನನಗೆ ಮನಸ್ಸು ಬರಲಿಲ್ಲ. ಕಾರಣ ವಿಚಿತ್ರವಾದುದು. ನಾನು ಹನ್ನೆರಡನೆಯ ವಯಸ್ಸಿನಲ್ಲಿ ಪಾಠಶಾಲೆಯಲ್ಲಿ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡಿದವನು. ಅದರ ಮೊದಲನೆಯ ಕಾಂಡದ ವಾರಿವರ್ಗದಲ್ಲಿ ಮೀನು, ಮೊಸಳೆ, ಕೆರೆ, ಬಾವಿಗಳ ಜೊತೆಗೆ ನಾವೆಯ ಶಬ್ದಗಳೂ ಬರುತ್ತವೆ. ನೌ, ತರಣಿ, ತರಿ ಎಂದರೆ ನಾವೆ. ಉಡುಪ, ಪ್ಲವ, ಕೋಲ ಎಂದರೆ ತೆಪ್ಪ. ಕ್ಷೇಪಣಿ ಎಂದರೆ ಹುಟ್ಟು. ಅರಿತ್ರ, ಕೇನಿಪಾತಕ ಎಂದರೆ ಚುಕ್ಕಾಣಿ. ಸೇಕಪಾತ್ರವೆಂದರೆ ತಳದಲ್ಲಿ ನಿಂತ ನೀರನ್ನು ಮೊಗೆದು ಚೆಲ್ಲುವ ಪಾತ್ರೆ. ಕೂಪಕ, ಗುಣವೃಕ್ಷಕ ಎಂದರೆ ಹಾಯಿಯನ್ನು ಕಟ್ಟುವ ಕಂಬ, ನಮ್ಮ ಕನ್ನಡದ ಕೂವೆಮರ. ಇವೆಲ್ಲವನ್ನೂ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆನು. ಮೂವತ್ತು ವರ್ಷ ಮಕ್ಕಳಿಗೆ ಹೇಳಿಯೂ ಕೊಟ್ಟಿದ್ದೇನೆ. ಆದರೆ ಗುಣವೃಕ್ಷಕಕ್ಕೆ ಆ ಹೆಸರೇಕೆ ಬಂತೆಂದು ಒಂದು ದಿನವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಪುಸ್ತಕದ ಕೊನೆಯ ಚಿತ್ರದಲ್ಲಿ ಕೂವೆಮರದ ತುದಿಯಿಂದ ಎಡಕ್ಕೂ ಬಲಕ್ಕೂ ಮುಂದಕ್ಕೂ ಹಿಂದಕ್ಕೂ ಇಳಿದ ಹಗ್ಗಗಳನ್ನು ಎಣಿಸುತ್ತ ಕುಳಿತಾಗ ಸಟ್ಟನೆ ಹೊಳೆಯಿತು: ಗುಣವೆಂದರೆ ಹಗ್ಗ, ಆಲಕ್ಕೆ ಬಿಳಲುಗಳಿರುವಂತೆ ಹಗ್ಗಗಳೇ ಬಿಳಲಾಗಿ ಇಳಿದ ಮರ ಇದು. ನಲವತ್ತು ವರ್ಷಗಳ ಹಿಂದೆ ಬಾಯಿಗೆ ಬಂದ ಶಬ್ದವು ಅಂದು ಕಣ್ಣಿಗೆ ಬಂತು. ಕೈಗೆ ಬರಲು ಇನ್ನೂ ಹತ್ತು ತಿಂಗಳು ಹಿಡಿಯಿತೆಂಬುದು ಬೇರೆ ಮಾತು.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು, ಓದುಗರು ಬೇಸರಿಸಬಾರದು. ಮೊದಲು ಹಡಗಿನ ಬೆನ್ನೆಲುಬಾದ ಅಡಿಮರವನ್ನು ನೆಟ್ಟಗೆ ನಿಲ್ಲಿಸಿ, ಅದರಲ್ಲಿ ಕೊರೆದ ಗಾಡಿಗಳಿಗೆ ಪಕ್ಕೆಲುಬುಗಳಂತಹ ಅಡ್ಡ ಹಲಗೆಗಳನ್ನು ಸೇರಿಸಬೇಕು. ಒಂದು ಪಕ್ಕೆಲುಬು ಕೂದಲೆಳೆಯಷ್ಟು ಓರೆಯಾದರೆ ಇಡೀ ಹಡಗು ಸೊಟ್ಟಗಾಗುತ್ತದೆ. ಬಳಿಕ ಪಕ್ಕೆಲುಬುಗಳ ಅಂಚನ್ನು ಮರಳುಕಾಗದದಿಂದ ಓರೆಯಾಗಿ ಉಜ್ಜಬೇಕು. ಹಾಗೆ ಉಜ್ಜದಿದ್ದರೆ ಮೇಲೆ ಹೊದಿಸುವ ಪಟ್ಟಿಯು ಅಂಚಿನ ತುದಿಗಷ್ಟೇ ತಾಗಿ ನಿಲ್ಲುತ್ತದೆ, ಮೈಗೆ ಒರಗುವುದಿಲ್ಲ. ಪಟ್ಟಿಗಳನ್ನು ನೀರಿನಲ್ಲಿ ನೆನೆಯಿಟ್ಟು, ಕಾಯಿಸಿ ಬಗ್ಗಿಸಿ, ಮೂತಿಯ ಕಡೆಗೆ ಅಗಲವನ್ನು ಕಡಿಮೆ ಮಾಡುತ್ತ ಎರಡೂ ಬದಿಗೆ ಒಂದಾದ ಮೇಲೊಂದರಂತೆ ಹೊದಿಸಬೇಕು. ಹಡಗಿನ ನಡು ಅಗಲ, ಮೂತಿ ಸಪೂರ; ಪಟ್ಟಿಯೋ ಉದ್ದಕ್ಕೂ ಒಂದೇ ಅಗಲ. ಈ ಎರಡರ ಲೆಕ್ಕವನ್ನು ಹೊಂದಿಸುವುದೇ ಹಡಗು ಕಟ್ಟುವವನ ಜಾಣ್ಮೆಯೆಂದು ನನಗೆ ಗೊತ್ತಾದದ್ದು ಹನ್ನೊಂದು ಪಟ್ಟಿಗಳನ್ನು ಮುರಿದ ಮೇಲೆ. ಅಷ್ಟರಲ್ಲಿ ಎಡಬದಿಯ ಪಟ್ಟಿಗಳು ಮೂತಿಯ ಹತ್ತಿರ ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ಅಂಟು ನನ್ನ ಬೆರಳಿಗೂ ಧೋತರಕ್ಕೂ ಹತ್ತಿದಷ್ಟು ಕಟ್ಟಿಗೆಗೆ ಹತ್ತಿರಲಿಲ್ಲ. ಮನೆಯಲ್ಲಿ ನಕ್ಕರು. ನಾನು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಎರಡು ತಿಂಗಳು ಅದು ಅಲ್ಲಿಯೇ ಇತ್ತು.

ಅದನ್ನು ಅಟ್ಟದಿಂದ ಇಳಿಸಿದವರು ಗೋಕಾಕದ ಒಬ್ಬ ಗೊಂಬೆಗಾರರು. ಗೋಕಾಕವೆಂದೊಡನೆ ಪರಊರವರಿಗೆ ನೆನಪಾಗುವುದು ಕರದಂಟು ಮತ್ತು ಜಲಪಾತ. ಆದರೆ ಬ್ರಿಟಿಷರ ಕಾಲದ ಗೆಝೆಟಿಯರು, ಹಗುರವಾದ ಕಟ್ಟಿಗೆಯಿಂದಲೂ ಇಲ್ಲಿಯ ಸುತ್ತಿನಲ್ಲಿ ದೊರೆಯುವ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಗೊಂಬೆ ಹಾಗೂ ಹಣ್ಣುಗಳಿಗೆ ಈ ಊರು ಹೆಸರಾಗಿದೆಯೆಂದು ಬರೆದಿಟ್ಟಿದೆ. ಚನ್ನಪಟ್ಟಣದ ಆಟಿಕೆಯು ಯಂತ್ರದ ಮೇಲೆ ತಿರುಗುತ್ತ ಅರಗಿನ ಬಣ್ಣವನ್ನು ಪಡೆಯುತ್ತದೆ. ನಮ್ಮ ಗೋಕಾಕದ ಗೊಂಬೆಯನ್ನು ಉಳಿಯಿಂದ ಕೆತ್ತಿ, ಕುಂಚದಿಂದ ಬಣ್ಣವಿಡುತ್ತಾರೆ. ಬುಟ್ಟಿಯಲ್ಲಿಟ್ಟ ಗೋಕಾಕದ ಮಾವಿನಹಣ್ಣನ್ನು ಕಂಡು ಕೈಚಾಚಿ ಮೋಸಹೋದ ಅತಿಥಿಗಳ ಕಥೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ನಾನು ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲಿ. ಆದರೂ ಗೊಂಬೆ ಮಾಡುವ ಮನೆಯ ಹೊಸ್ತಿಲನ್ನು ಅದುವರೆಗೆ ದಾಟಿರಲಿಲ್ಲ. ಪಂಡಿತನಿಗೆ ಗೊಂಬೆಗಾರರ ಮನೆಯಲ್ಲಿ ಏನು ಕೆಲಸವೆಂಬ ಭಾವನೆ ನನ್ನಲ್ಲಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಕುಟುಂಬದ ಮದುವೆಯೊಂದರ ಬುತ್ತಿಯ ಬುಟ್ಟಿಗೆ ಕಟ್ಟಿಗೆಯ ಹಣ್ಣುಗಳು ಬೇಕಾಗಿ ಅವರ ಮನೆಗೆ ಹೋದೆನು. ಎಪ್ಪತ್ತರ ಹತ್ತಿರದ ವೃದ್ಧರು. ಕಾಲಿನ ಎರಡು ಬೆರಳುಗಳ ನಡುವೆ ಕಟ್ಟಿಗೆಯ ತುಂಡನ್ನು ಹಿಡಿದು ಉಳಿಯಿಂದ ಕೆತ್ತುತ್ತಿದ್ದರು. ಅದು ಪೇರುಹಣ್ಣಾಗುವುದನ್ನು ನಾನು ನೋಡುತ್ತ ನಿಂತೆ. ಮಾತಿಗೆ ಮಾತು ಬಂದು ನನ್ನ ಹಡಗಿನ ಫಜೀತಿಯನ್ನು ಹೇಳಿದೆ. “ತರ್ರಿ ನೋಡೂಣು” ಎಂದರು. ಮರುದಿನ ಒಯ್ದೆ. ಅವರು ಹಡಗನ್ನು ತಿರುಗಿಸಿ ನೋಡಿದರು. ಪುಸ್ತಕವನ್ನು ಮಾತ್ರ ತೆರೆಯಲಿಲ್ಲ. ಹೆಬ್ಬೆರಳಿನಿಂದ ಪಟ್ಟಿಗಳ ಮೇಲೆ ಮೂತಿಯಿಂದ ಹಿಂಬದಿಯವರೆಗೆ ಒಮ್ಮೆ ಸವರಿ, “ಗುರುಗಳ, ನೀವು ಕಟ್ಟಿಗೀಗಿ ಹೇಳಲಿಕ್ಕೆ ಹತ್ತೀರಿ. ಅದರ ಮಾತ ಮೊದಲ ಕೇಳ್ರಿ. ಇದರ ನಾರು ಈ ಕಡಿಗಿ ಹೊಂಟೈತಿ, ನೀವು ಆ ಕಡಿಗಿ ಬಗ್ಗಸೀರಿ” ಎಂದರು. ಸಂಧಿಕಾರ್ಯದಲ್ಲಿ ತಪ್ಪು ಮಾಡಿದ ಹುಡುಗನಿಗೆ ನಾನು ಹೇಳುವ ಮಾತಿನ ಧಾಟಿಯೇ ಅದು.

ಅಂದಿನಿಂದ ವಾರಕ್ಕೆರಡು ಸಂಜೆ ನಾನು ಅವರ ಶಿಷ್ಯನಾದೆ. ಹತ್ತಿ ಕುಳಿತ ಪಟ್ಟಿಗಳನ್ನು ಅವರು ಬಿಸಿನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ಬಿಡಿಸಿದರು. ಕಟ್ಟಿಗೆಯ ಪುಡಿಯನ್ನು ಹುಣಸೆಬೀಜದ ಸರಿಯಲ್ಲಿ ಕಲಸಿ ಸಂದುಗಳಿಗೆ ತುಂಬುವುದನ್ನು ಕಲಿಸಿದರು. ಪೆಟ್ಟಿಗೆಯೊಡನೆ ಬಂದ ಪರದೇಶದ ಅಂಟಿಗಿಂತ ಅದು ಚೆನ್ನಾಗಿ ನಿಂತಿತು. ಒಣಗಿದ ಮೇಲೆ ಉಜ್ಜಿದರೆ ಕಟ್ಟಿಗೆಯೊಡನೆ ಒಂದಾಗಿಬಿಡುತ್ತದೆ. ಅವರು ಒಂದು ಪಟ್ಟಿಯನ್ನು ಮಾತ್ರ ತಾವು ಹಚ್ಚಿ ತೋರಿಸಿದರು. ಉಳಿದವನ್ನು ನಾನೇ ಹಚ್ಚಬೇಕಾಯಿತು. ತಪ್ಪಿದರೆ ಏನೂ ಅನ್ನುತ್ತಿರಲಿಲ್ಲ, ಹಡಗನ್ನು ಮತ್ತೆ ನನ್ನ ಕೈಗೆ ಕೊಡುತ್ತಿದ್ದರು.

ಈಗ ನಾನು ಬರೆಯಲೇಬೇಕಾದ ಒಂದು ಸಂಗತಿಗೆ ಬರುತ್ತೇನೆ. ಮೂರನೆಯದೋ ನಾಲ್ಕನೆಯದೋ ಸಂಜೆ, ಅವರ ಮನೆಯ ಮಾಡದಲ್ಲಿ ಹೆಬ್ಬೆಟ್ಟಿನ ಗಾತ್ರದ ಒಂದು ಬಿಳಿಯ ಎತ್ತನ್ನು ಕಂಡೆನು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಎತ್ತಲ್ಲ. ಸುಣ್ಣದ ಕಡ್ಡಿಯಿಂದ, ಅಂದರೆ ನಾವು ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣದಿಂದ ಕೆತ್ತಿದ್ದು. ಇದನ್ನು ಮಾಡಿದವರು ಯಾರೆಂದು ಕೇಳಿದೆ. “ನನ್ನ ಮಗಾರಿ. ನಿಮ್ಮ ಸಾಲ್ಯಾಗ ನಿಮ್ಮ ಕೈಯಾಗ ಕಲತಾನ್ರಿ” ಎಂದರು. ಆ ಮಾತಿನಲ್ಲಿ ಗೌರವವಿತ್ತೇ ಹೊರತು ಕೊಂಕು ಎಳ್ಳಷ್ಟೂ ಇರಲಿಲ್ಲ. ಹೆಸರು ಕೇಳಿದೊಡನೆ ನನಗೆ ನೆನಪಾಯಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು, ನಾನು ಲೋಪ ಆಗಮ ಆದೇಶಗಳನ್ನು ವಿವರಿಸುತ್ತಿರುವಾಗ, ಗುಂಡುಸೂಜಿಯಿಂದ ಸೀಮೆಸುಣ್ಣವನ್ನು ಕೆತ್ತುತ್ತಿದ್ದ ಹುಡುಗ ಅವನು. ನಾನು ಆ ತುಂಡನ್ನು ಕಸಿದುಕೊಂಡೆ. ಅದು ಒಂದು ದೋಣಿಯಾಗಿತ್ತು, ಇಲ್ಲವೆ ದೋಣಿಯಾಗುತ್ತಲಿತ್ತು. ಇಡೀ ತರಗತಿಯ ಎದುರಿಗೆ ಅದನ್ನು ನೆಲಕ್ಕೆ ಹಾಕಿ ಮೆಟ್ಟಿದೆ. ಅಕ್ಷರ ತಲೆಗೆ ಹತ್ತದವನಿಗೆ ಕೆತ್ತನೆಯೇ ಗತಿಯೆಂದು ಅಂದದ್ದೂ ನೆನಪಿದೆ. ಹುಡುಗರು ನಕ್ಕರು. ಅವನು ಮುಂದಿನ ವರ್ಷ ಶಾಲೆಯನ್ನು ಬಿಟ್ಟನು. ನನ್ನ ಮಾತಿನಿಂದಲೇ ಬಿಟ್ಟನೆಂದು ಹೇಳಲಾರೆ. ಮನೆಯ ಬಡತನವೂ ಇದ್ದೀತು. ಈಗ ಗಡಿಯಾಚೆಯ ಒಂದು ಕಾರಖಾನೆಯಲ್ಲಿ ದುಡಿಯುತ್ತಾನೆ. ತಂದೆಯ ಉಳಿಯನ್ನು ಹಿಡಿಯಲು ಮನೆಯಲ್ಲಿ ಬೇರೆ ಯಾರೂ ಇಲ್ಲ.

ಆ ಸಂಜೆ ಆ ವೃದ್ಧರಿಗೆ ನಾನು ಏನನ್ನೂ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಅಚ್ಚಿನಲ್ಲಿ ಬರೆಯುವುದು ಎದುರು ನಿಂತು ಹೇಳುವುದಕ್ಕಿಂತ ಸುಲಭವೆಂದು ಬಲ್ಲೆ. ಈ ಸಂಚಿಕೆಯ ಒಂದು ಪ್ರತಿಯನ್ನು ಒಯ್ದು ಅವರ ಕೈಯಲ್ಲಿಟ್ಟು, ಈ ಪುಟವನ್ನು ನಾನೇ ಓದಿ ಹೇಳಬೇಕೆಂದು ನಿಶ್ಚಯಿಸಿದ್ದೇನೆ.

ಹಡಗಿನ ಮೈ ಮುಗಿದ ಮೇಲೆ ಹಗ್ಗದ ಕೆಲಸ. ಕೂವೆಮರವನ್ನು ಅಲುಗದಂತೆ ಹಿಡಿದು ನಿಲ್ಲಿಸುವ ಹಗ್ಗಗಳು ಬೇರೆ, ಹಾಯಿಯನ್ನು ಏರಿಸಿ ಇಳಿಸಿ ತಿರುಗಿಸುವ ಹಗ್ಗಗಳು ಬೇರೆ. ಮೊದಲಿನವು ಒಮ್ಮೆ ಕಟ್ಟಿದರೆ ಕಟ್ಟಿದಂತೆಯೇ. ಎರಡನೆಯವು ನಾವಿಕನ ಕೈಯಲ್ಲಿ ಸದಾ ಓಡಾಡತಕ್ಕವು. ಪ್ರಕೃತಿ ಮತ್ತು ಪ್ರತ್ಯಯಗಳ ಭೇದದಂತೆ ಇದೆಯಲ್ಲ ಎಂದು ನನಗೆ ನಗು ಬಂತು. ವೈಯಾಕರಣನಿಗೆ ಎಲ್ಲಿ ಹೋದರೂ ವ್ಯಾಕರಣವೇ. ನೂಲಿಗೆ ಜೇನುಮೇಣವನ್ನು ಸವರಿದರೆ ಅದರ ರೋಮಗಳು ಒರಗಿ ಗಂಟು ಬಿಗಿಯಾಗಿ ಕೂಡುತ್ತದೆ. ಕನ್ನಡಕದ ಮೇಲೊಂದು ಭೂತಗನ್ನಡಿಯನ್ನಿಟ್ಟು, ಉಸಿರು ಬಿಗಿಹಿಡಿದು ಕಟ್ಟಿದ ಗಂಟುಗಳನ್ನು ನಾನು ಎಣಿಸಿಲ್ಲ. ಗೋಕಾಕ ಜಲಪಾತದ ಮೇಲಿನ ತೂಗುಸೇತುವೆಯಲ್ಲಿ ನಡೆದವರಿಗೆ, ಬಿಗಿದ ಹುರಿಯೂ ಹಾಸಿದ ಹಲಗೆಯೂ ಸೇರಿ ಮನುಷ್ಯನ ಭಾರವನ್ನು ನೀರಿನ ಮೇಲೆ ಹೇಗೆ ಹೊರುತ್ತವೆಂಬ ಅನುಭವವಿದೆ. ಅದರ ಮೇಲೆ ಎಷ್ಟೋ ಸಲ ನಡೆದಿದ್ದ ನನಗೆ, ಒಂದು ಹುರಿ ಸಡಿಲಾದರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬೀಳುತ್ತದೆಂಬುದು ನೂಲಿನ ಈ ಆಟಿಕೆಯಿಂದ ತಿಳಿಯಿತು.

2025ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಒಂದು ರವಿವಾರ, ಕೊನೆಯ ಗಂಟನ್ನು ಹಾಕಿ ಉಳಿದ ನೂಲನ್ನು ಕತ್ತರಿಸಿದೆ. ಹಡಗು ದೋಷರಹಿತವಾಗಿಲ್ಲ. ಬಲಬದಿಯ ಪಟ್ಟಿಯೊಂದು ಎಡದ್ದಕ್ಕಿಂತ ಅರ್ಧ ನೂಲು ಮೇಲಿದೆ. ಚುಕ್ಕಾಣಿ ಸ್ವಲ್ಪ ಗಟ್ಟಿಯಾಗಿದೆ. ಎಲ್ಲಿಯದೆಂದು ಗೊತ್ತಾಗದ ಮೂರು ತುಂಡುಗಳು ಉಳಿದವು. ನಾನು ಪ್ರಬಂಧಗಳನ್ನು ಬರೆದಿದ್ದೇನೆ, ಪರೀಕ್ಷೆಗಳನ್ನು ಪಾಸು ಮಾಡಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ. ಆ ರವಿವಾರ ಆದ ಸಂತೋಷವು ಅವುಗಳ ಜಾತಿಯದಲ್ಲ. ಪ್ರಬಂಧವು ಚೆನ್ನಾಗಿದೆಯೆಂದು ಇನ್ನೊಬ್ಬರು ಹೇಳಬೇಕು. ಹಡಗಿನ ಕೂವೆ ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂಬುದಕ್ಕೆ ಯಾರ ಅಭಿಪ್ರಾಯವೂ ಬೇಕಾಗಿಲ್ಲ, ಓಲೈಸುವ ವಿಮರ್ಶಕನೂ ಅಲ್ಲಿ ಏನೂ ಮಾಡಲಾರನು.

ನಮ್ಮ ವಿಜ್ಞಾನದ ಅಧ್ಯಾಪಕರೊಬ್ಬರು ಒಂದು ಆಕ್ಷೇಪವನ್ನೆತ್ತಿದರು. ಯಾರೋ ಕೊರೆದಿಟ್ಟ ತುಂಡುಗಳನ್ನು ಪುಸ್ತಕ ನೋಡಿ ಜೋಡಿಸುವುದು ಕುಶಲತೆಯೇ? ಅದು ಸಿದ್ಧ ಉಡುಪನ್ನು ತೊಟ್ಟು ತಾನೇ ನೇಯ್ದೆನೆಂದಂತೆ ಅಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಕ್ಷರ ಕಲಿಯುವ ಮಗು ಗುರು ಬರೆದ ಓಂಕಾರದ ಮೇಲೆಯೇ ಬಳಪವನ್ನು ತಿದ್ದುತ್ತದೆ. ತಿದ್ದಿದ್ದು ಮಗುವಿನ ಅಕ್ಷರವೋ ಗುರುವಿನದೋ ಎಂದು ನಾವು ವಾದಿಸುವುದಿಲ್ಲ. ತಿದ್ದದೆ ಬರೆಯುವ ದಿನ ಬರಬೇಕಾದರೆ ತಿದ್ದುವ ದಿನಗಳು ಕಳೆಯಬೇಕು. ನನ್ನ ಕೊರಗು ಬೇರೆ. ಯೂರೋಪಿನ ಹಡಗಿನ ತುಂಡುಗಳು ಪೆಟ್ಟಿಗೆಯಲ್ಲಿ ಕುಳಿತು ಗೋಕಾಕದವರೆಗೆ ಬರಬಲ್ಲವಾದರೆ, ಗೋಕಾಕದ ಗೊಂಬೆಮನೆಯಿಂದ ನಾಲ್ಕು ಹೆಜ್ಜೆ ದೂರದ ಶಾಲೆಗೆ ನಮ್ಮ ಚಕ್ಕಡಿಯ ತುಂಡುಗಳೇಕೆ ಬರಲಾರವು? ಚಕ್ಕಡಿಯ ಗುಂಬ, ಅರೆ, ಕೀಲುಗಳನ್ನೂ, ಕೂರಿಗೆಯ ಬಟ್ಟಲನ್ನೂ, ತೇರಿನ ಗಾಲಿಯನ್ನೂ, ಆ ತೂಗುಸೇತುವೆಯನ್ನೇ ಬೇಕಾದರೂ, ಸಣ್ಣ ಪ್ರಮಾಣದಲ್ಲಿ ಕೊರೆದು ಮಕ್ಕಳ ಕೈಗೆ ಕೊಡಬಹುದು. ಕೂರಿಗೆಯನ್ನು ಬಲ್ಲ ಬಡಿಗರು ಮೂಡಲಗಿಯ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರೊಡನೆ ಕೂರಿಗೆಯ ಅಂಗಗಳ ಹೆಸರುಗಳೂ ಹೋದರೆ ಮುಂದೆ ಅವನ್ನು ನಿಘಂಟಿನಲ್ಲಿ ಹುಡುಕಬೇಕಾದೀತು, ನಾನು ಗುಣವೃಕ್ಷಕವನ್ನು ಹುಡುಕಿದಂತೆ.

ಸಣ್ಣ ಮಾದರಿಯು ಮಕ್ಕಳಾಟವೆಂದು ತಿಳಿಯುವವರು ನಮ್ಮದೇ ರಾಜ್ಯದ ಕರಾವಳಿಯಲ್ಲಿ ಇತ್ತೀಚೆಗೆ ನಡೆದ ಒಂದು ಸಂಗತಿಯನ್ನು ಗಮನಿಸಬೇಕು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ವೆಂಬ ಹಡಗು ಭಾರತದ ನೌಕಾಪಡೆಯನ್ನು ಸೇರಿತು. ಯಂತ್ರವಿಲ್ಲದ, ಹಾಯಿಯಿಂದ ನಡೆಯುವ ಹಡಗು ಅದು. ಅಜಂತೆಯ ಭಿತ್ತಿಚಿತ್ರದಲ್ಲಿ ಕಾಣುವ ಐದನೆಯ ಶತಮಾನದ ಹಡಗನ್ನು ಮಾದರಿಯಾಗಿಟ್ಟುಕೊಂಡು, ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಗೋವೆಯಲ್ಲಿ ಅದನ್ನು ಕಟ್ಟಿದರು. ಕೇರಳದ ಕುಶಲಕರ್ಮಿಗಳ ತಂಡವನ್ನು ನಡೆಸಿದವರು ಬಾಬು ಶಂಕರನ್ ಎಂಬ ಹಿರಿಯ ಹಡಗುಶಿಲ್ಪಿ. 2023ರ ಸೆಪ್ಟೆಂಬರಿನಲ್ಲಿ ಅಡಿಮರವನ್ನಿಟ್ಟು, 2025ರ ಫೆಬ್ರವರಿಯಲ್ಲಿ ನೀರಿಗಿಳಿಸಿದರು. ಅಂತಹ ಹಡಗಿನ ನಕ್ಷೆ ಎಲ್ಲಿಯೂ ಉಳಿದಿರಲಿಲ್ಲ. ಗೋಡೆಯ ಚಿತ್ರವೊಂದೇ ಆಧಾರ. ಆದುದರಿಂದ ಮದರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಅದರ ಸಣ್ಣ ಮಾದರಿಯನ್ನು ನೀರಿನಲ್ಲಿಟ್ಟು ಪರೀಕ್ಷಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಹಡಗು ಪೋರಬಂದರದಿಂದ ಮಸ್ಕತ್ತಿನ ಕಡೆಗೆ ಸಮುದ್ರವನ್ನೇರಿತು. ಅದರ ಹಾಯಿಯ ಮೇಲಿರುವುದು ನಮಗೆಲ್ಲ ಪರಿಚಿತವಾದ ಗಂಡಭೇರುಂಡ.

ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವೆಂಬ ಸಂಸ್ಕೃತ ಗ್ರಂಥದಲ್ಲಿ ಹಡಗಿಗೆ ತಕ್ಕ ಮರಗಳ ವಿಚಾರವೂ, ನಾವೆಗಳ ಅಳತೆ ಹಾಗೂ ಭೇದಗಳೂ ಇವೆ. ಸಮುದ್ರಕ್ಕೆ ಹೋಗುವ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದು, ಕಡಲಿನ ಸೂಜಿಗಲ್ಲು ಅದನ್ನು ಸೆಳೆದೀತೆಂಬ ಎಚ್ಚರಿಕೆಯೂ ಅದರಲ್ಲಿದೆ. ಇದನ್ನು ಓದಿದಾಗ ನಾವು ಪಂಡಿತರು ಅದರ ಪಾಠಾಂತರವನ್ನು ಚರ್ಚಿಸಿದೆವು. ಹೊಲಿದ ಹಡಗು ತೇಲುತ್ತದೆಯೇ ಎಂದು ನೋಡಲು ಹುರಿ ಹೊಸೆಯಬಲ್ಲವರೇ ಬೇಕಾಯಿತು. ಶಾಸ್ತ್ರವನ್ನು ಬಲ್ಲವರೂ ಹುರಿಯನ್ನು ಬಲ್ಲವರೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವುದು ನಮ್ಮಲ್ಲಿ ಬಹಳ ಕಾಲದಿಂದ ನಿಂತುಹೋಗಿದೆ. ಅದರಿಂದ ಇಬ್ಬರಿಗೂ ನಷ್ಟವಾಗಿದೆ. ಹೆಚ್ಚಿನ ನಷ್ಟ ನಮಗೇ ಆಗಿದೆಯೆಂಬುದು ನನ್ನ ಈಗಿನ ಅಭಿಪ್ರಾಯ. ಕಾಯಕವೆಂಬ ಶಬ್ದವನ್ನು ಸಭೆ ಸಮಾರಂಭಗಳಲ್ಲಿ ನಾವು ಎಷ್ಟು ಸಲ ಉಚ್ಚರಿಸುತ್ತೇವೆ! ಉಚ್ಚರಿಸಿದ ನನ್ನಂಥವರ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಬೇಕು.

ಈ ವಿಚಾರ ಹೊಸದೇನಲ್ಲ. ಗಾಂಧೀಜಿಯವರು 1937ರ ಏಪ್ರಿಲಿನಲ್ಲಿ ನಮ್ಮ ಜಿಲ್ಲೆಯ ಹುದಲಿಗೆ ಬಂದಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ವರ್ಧೆಯ ಸಮ್ಮೇಳನದಲ್ಲಿ ಕೈಕಸಬಿನ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ಮುಂದಿಟ್ಟರು. ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಯಲ್ಲಿ ತಕಲಿಯ ಅವಧಿಯೊಂದಿತ್ತು. ಅದು ಯಾವಾಗ ಇಂಗ್ಲಿಷಿನ ಹೆಚ್ಚುವರಿ ಅವಧಿಯಾಯಿತೋ ಯಾರಿಗೂ ಗೊತ್ತಾಗಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಿಗ, ಕುಂಬಾರ, ತೋಟಿಗ ಮೊದಲಾದ ಸ್ಥಳೀಯ ಕಸಬುದಾರರ ಬಳಿ ಕಲಿಯಬೇಕೆಂದು ಸೂಚಿಸಿತು. ಹತ್ತು ದಿನದಲ್ಲಿ ಒಂದು ಪಟ್ಟಿಯನ್ನೂ ನೆಟ್ಟಗೆ ಬಗ್ಗಿಸಲಾಗದೆಂದು ನಾನು ಅನುಭವದಿಂದ ಹೇಳಬಲ್ಲೆ. ಇರಲಿ, ಆರಂಭವಾದರೂ ಆಗಬಹುದು.

ದಾನಿಗಳಿಗೆ ನನ್ನ ವಿನಂತಿ ಇಷ್ಟು. ನೀವು ಕೊಟ್ಟದ್ದರಿಂದ ನಮ್ಮಲ್ಲಿ ಗಣಕಯಂತ್ರಗಳ ಕೊಠಡಿಯಾಗಿದೆ, ಮಹಾದ್ವಾರವಾಗಿದೆ. ಕೃತಜ್ಞತೆಯಿಂದ ನೆನೆಯುತ್ತೇವೆ. ಅಡುಗೆಮನೆಯ ಹಿಂದಿರುವ ಹಳೆಯ ಉಗ್ರಾಣ ಈಗ ಖಾಲಿ ಬಿದ್ದಿದೆ. ಅದಕ್ಕೆ ಎರಡು ಕಿಟಕಿ, ನಾಲ್ಕು ಉದ್ದನೆಯ ಹಲಗೆಮೇಜು, ಹದಿನೈದು ಮಕ್ಕಳಿಗಾಗುವಷ್ಟು ಉಳಿ, ಗರಗಸ, ಕಾನಸು, ಕೊಡತಿಗಳು ಬೇಕು. ಗೋಡೆಯ ಮೇಲೆ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವಷ್ಟು ದೊಡ್ಡ ಕೊಡುಗೆ ಇದಲ್ಲ. ಅದಕ್ಕಾಗಿಯೇ ಯಾರೂ ಕೊಡದೆ 20 ವರ್ಷ ಕಳೆದವೇನೋ ಎಂದು ಸಂಶಯ ಬರುತ್ತದೆ. ಇದಕ್ಕಿಂತ ಮುಖ್ಯವಾದುದು ಕಲಿಸುವವರ ಗೌರವಧನ. ಗೊಂಬೆಗಾರರನ್ನೂ ಬಡಿಗರನ್ನೂ ವರ್ಷಕ್ಕೊಮ್ಮೆ ಕರೆದು ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಅತಿಥಿ ಅಧ್ಯಾಪಕರಿಗೆ ಕೊಡುವಷ್ಟನ್ನೇ ಅವರಿಗೂ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಕೊಡಬೇಕು. ಅಧ್ಯಾಪಕರ ಕೊಠಡಿಯಲ್ಲಿ ಅವರಿಗೊಂದು ಕುರ್ಚಿ ಇರಬೇಕು. ಈ ಕೊನೆಯದಕ್ಕೆ ಹಣ ಬೇಕಾಗಿಲ್ಲ. ಅಧ್ಯಾಪಕ ಮಿತ್ರರ ಒಪ್ಪಿಗೆ ಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಕಾರಖಾನೆಗಳಲ್ಲಿ ದುಡಿಯುವವರು, ಯಂತ್ರದಿಂದ ಹಲಗೆ ಕೊರೆಯಬಲ್ಲವರು ಅನೇಕರಿದ್ದೀರಿ. ಚಕ್ಕಡಿಯ ಮೊದಲ ಮಾದರಿಗೆ ತುಂಡುಗಳನ್ನು ಕೊರೆದುಕೊಡುವಿರಾದರೆ ಅಳತೆಗಳನ್ನು ನಾನು ತೆಗೆದಿಟ್ಟಿದ್ದೇನೆ. ನಿಮ್ಮಲ್ಲೊಬ್ಬನು ಒಮ್ಮೆ ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದವನು. ಅವನು ಒಪ್ಪಿ ಬಂದರೆ ಮೊದಲು ಕೇಳಬೇಕಾದದ್ದು ಅವನನ್ನೇ.

ಪೂಜ್ಯ ಶ್ರೀಗಳವರು ಉಗ್ರಾಣವನ್ನು ಬಿಟ್ಟುಕೊಡಲು ಅಪ್ಪಣೆಯಿತ್ತಿದ್ದಾರೆ. ಬರುವ ಜೂನಿನಿಂದ ಶನಿವಾರ ಮುಂಜಾನೆ ಶಾಲೆ ಬಿಟ್ಟ ಬಳಿಕ ಎರಡು ತಾಸು ತರಗತಿ ನಡೆಸಬೇಕೆಂದಿದೆ. ಗೊಂಬೆಗಾರರು, ಮೊಣಕಾಲು ನೋವಿದೆ, ಆದರೂ ಬರುತ್ತೇನೆ ಎಂದಿದ್ದಾರೆ. ರಿಕ್ಷಾದ ವೆಚ್ಚ ನನ್ನದು. ಹುಕ್ಕೇರಿಯ ಕಡೆಯಿಂದ ಬಂದು ವಸತಿಗೃಹದಲ್ಲಿರುವ ಏಳನೆಯ ತರಗತಿಯ ಹುಡುಗಿಯೊಬ್ಬಳು ಮೊನ್ನೆ ಕಪಾಟಿನ ಮೇಲಿನ ಹಡಗನ್ನು ಬಹಳ ಹೊತ್ತು ನೋಡಿ, “ಸರ್, ಇದು ನೀರಾಗ ತೇಲತೈತೇನ್ರಿ?” ಎಂದು ಕೇಳಿದಳು. ಗೊತ್ತಿಲ್ಲ, ಬಿಟ್ಟು ನೋಡುವ ಧೈರ್ಯ ನನಗಾಗಿಲ್ಲವೆಂದು ನಿಜವನ್ನೇ ಹೇಳಿದೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಏಳು ಪಟ್ಟಿಗಳನ್ನೂ ಅರ್ಧ ಉಂಡೆ ನೂಲನ್ನೂ ಅವಳಿಗೆ ಕೊಟ್ಟಿದ್ದೇನೆ. ತರಗತಿಗೆ ಹೆಸರು ಕೊಟ್ಟವರಲ್ಲಿ ಅವಳೇ ಮೊದಲನೆಯವಳು. ಎರಡನೆಯ ಹೆಸರು ನನ್ನದು.